ಅತ್ತೆ ಕಾಲಂ ಖಾಲಿ ಬಿಡಬಾರದು

ಇದು ನಡೆದ ಕಥೆ. ಬರೀ ನಡೆದದ್ದಲ್ಲ, ಎಡವಿ, ಜಾರಿ, ಮೈತುಂಬ ಸೋಪಿನ ನೊರೆ ಹೊದ್ದುಕೊಂಡು ಕಿಟಕಿಯಲ್ಲಿ ಸಿಕ್ಕಿಬಿದ್ದ ಕಥೆ. ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದಲ್ಲ, ಚೆನ್ನಾಗಿಯೇ ಬರುತ್ತದೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ, ಅಷ್ಟೇ.

ಕಥಾನಾಯಕರು ನಮ್ಮ ಮಾರ್ಜಿನ್ ಸಾಹೇಬರು. ಮನೆಯಲ್ಲಿ ಅವರದು ನನ್ನ ಪಕ್ಕದ ಗೋಡೆ, ಆಫೀಸಿನಲ್ಲಿ ಈಗ ಪಕ್ಕದ ಮೇಜು. ಹಾಗಾಗಿ ಅವರು ಎಲ್ಲಿ ಸೀನಿದರೂ ನನ್ನ ಕರವಸ್ತ್ರ ಹೊರಬರುತ್ತದೆ. ಬಹುಕಾಲ ಅವರು ಆಫೀಸಿನ ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ಜೊತೆ ಇದ್ದವರು. ಅಲ್ಲಿ ಅವರನ್ನು ಬಿಟ್ಟರೆ ಉಸಿರಾಡುತ್ತಿದ್ದವು ಜಿರಲೆಗಳು ಮಾತ್ರ. ಅವುಗಳಿಗೂ ಆಗಾಗ ವರ್ಗಾವಣೆ ಆಗುತ್ತಿತ್ತು, ಇವರಿಗೆ ಇಲ್ಲ.

ಹೀಗಿರುವಾಗ ನಮ್ಮಲ್ಲಿಗೆ ದೊಡ್ಡ ಮೇಡಂ ಬಂದರು. ಎಲ್ಲ ಇಲಾಖೆಗಳಿಗೂ ಮೇಲಿನವರು. ಗದರುವವರಲ್ಲ, ಕನ್ನಡಕದ ಮೇಲಿನಿಂದ ಒಮ್ಮೆ ನೋಡುವವರು. ಅದಕ್ಕಿಂತ ಗದರಿಸಿಕೊಳ್ಳುವುದೇ ವಾಸಿ. ಬಂದ ವಾರದಲ್ಲೇ ಅವರು ಇಲಾಖೆಗಳ ವರದಿಗಳನ್ನು ತರಿಸಿ ನೋಡಿದರು. ಒಂದು ಬಾಚಣಿಗೆಯಷ್ಟು ಉದ್ದ, ಇನ್ನೊಂದು ಚಾಪೆಯಷ್ಟು ಅಗಲ. ಒಂದರಲ್ಲಿ ಮೊದಲ ಸಾಲಿಗೇ ಧನ್ಯವಾದ, ಇನ್ನೊಂದರಲ್ಲಿ ಕೊನೆಯ ಪುಟದಲ್ಲಿ ವಿಷಯ ಶುರು. ಹವಾಮಾನದವರ ವರದಿಯಲ್ಲಂತೂ ಪ್ರತಿ ವಾಕ್ಯವೂ ‘ಬಹುಶಃ’ ಎಂದೇ ಆರಂಭ. ಮೇಡಂ ಆಜ್ಞೆ ಮಾಡಿದರು: ಇನ್ನು ಮುಂದೆ ಎಲ್ಲರ ವರದಿಯೂ ಒಂದೇ ಅಚ್ಚಿನಲ್ಲಿರಬೇಕು.

ಅಚ್ಚು ಎರೆಯಲು ‘ನಮೂನೆ ಕೋಶ’ ಎಂಬ ಹೊಸ ವಿಭಾಗ ಹುಟ್ಟಿತು. ಅದಕ್ಕೆ ಯಾರೂ ಒಪ್ಪದ ಕಾರಣ ಸಾಹೇಬರು ನೆಲಮಾಳಿಗೆಯಿಂದ ಮೇಲೆದ್ದು ಬಂದು ಪ್ರಭಾರ ಮುಖ್ಯಸ್ಥರಾದರು. ಪ್ರಭಾರ ಎಂದರೆ ಭಾರವೆಲ್ಲ ಹೊಸದು, ಸಂಬಳ ಮಾತ್ರ ಹಳೆಯದು. ವಾರ್ಷಿಕ ಸಭೆಯ ಹೊತ್ತಿಗೆ ಎಲ್ಲ ಇಲಾಖೆಗಳೂ ಒಂದೇ ನಮೂನೆಯಲ್ಲಿ ವರದಿ ಒಪ್ಪಿಸಿದರೆ ಹುದ್ದೆ ಖಾಯಂ. ಒಂದೇ ಒಂದು ಇಲಾಖೆ ತಪ್ಪಿದರೂ ಮತ್ತೆ ನೆಲಮಾಳಿಗೆ. ಸಾಹೇಬರ ಹೆಂಡತಿ ಆಗಲೇ ಬೀದಿಯವರಿಗೆಲ್ಲ ಖಾಯಂ ಆಯಿತೆಂದೇ ಹೇಳಿಬಿಟ್ಟಿದ್ದರು. ಅದೇ ಮನೆಯಲ್ಲಿದ್ದ ಹೆಂಡತಿಯ ತಾಯಿ, ಅಂದರೆ ಸಾಹೇಬರ ಅತ್ತೆಯವರೊಬ್ಬರೇ, “ಆಗ್ಲಿ, ಆದಾಗ ನೋಡೋಣ” ಎಂದಿದ್ದರು. ಆ ಒಂದು ಮಾತಿಗೆ ಉತ್ತರ ಕೊಡಲು ಸಾಹೇಬರು ಪರ್ವತ ಬೇಕಾದರೂ ಅಗೆಯಲು ಸಿದ್ಧರಿದ್ದರು.

ನಮೂನೆ ತಯಾರಾಯಿತು: ಹಿನ್ನೆಲೆ, ಘಟನೆ, ಕಾರಣ, ಕೈಗೊಂಡ ಕ್ರಮ, ಶಿಫಾರಸು, ಕೊನೆಗೊಂದು ಕೋಷ್ಟಕ. ಸಾಹೇಬರ ಅಂಗಿಯ ಜೇಬಿಗೆ ಒಂದು ಸ್ಟೀಲ್ ಸ್ಕೇಲು ಬಂತು. ಯಾವ ಕಾಗದ ಕೊಟ್ಟರೂ ಮೊದಲು ಎಡ ಮಾರ್ಜಿನ್ನು, ಆಮೇಲೆ ಬಲ ಮಾರ್ಜಿನ್ನು, ಆಮೇಲೆ ಸಾಲುಗಳ ಎಣಿಕೆ, ಆಮೇಲೆ ಸಹಿ. ಓದುವ ಪದ್ಧತಿ ಇರಲಿಲ್ಲ.

“ಓದೋದು ಕಥೆಪುಸ್ತಕಾನ ಕಣ್ರೀ,” ಎಂದು ನನಗೆ ಬುದ್ಧಿ ಹೇಳಿದರು. “ವರದೀನ ಅಳೀಬೇಕು.”

ನಮೂನೆ ಮನೆಯೊಳಗೂ ನುಗ್ಗಿತು. ಒಂದು ದಿನ ಅವರ ಹೆಂಡತಿ ಕಾಂಪೌಂಡಿನ ಆಚೆಯಿಂದ ನನ್ನ ಹೆಂಡತಿಗೆ ದೂರುತ್ತಿದ್ದರು: “ಉಪ್ಪು ಮುಗಿದಿದೆ ಅಂದ್ರೆ ಸಾಕಲ್ವೇನ್ರೀ? ಇವರಿಗೆ ಹಿನ್ನೆಲೆ ಬೇಕಂತೆ! ಉಪ್ಪಿಗೆ ಎಲ್ಲಿಂದ ಹಿನ್ನೆಲೆ ತರ್ಲಿ, ಸಮುದ್ರದಿಂದ ಶುರು ಮಾಡ್ಲಾ?”

ಆ ಮನೆಯಲ್ಲಿ ಇದನ್ನೆಲ್ಲ ಮನಸಾರೆ ಅನುಭವಿಸುತ್ತಿದ್ದವನು ಭಾಮೈದ, ಸಾಹೇಬರ ಹೆಂಡತಿಯ ತಮ್ಮ. ನಮ್ಮ ಆಫೀಸಿನಲ್ಲೇ ಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರು. ಬೆರಳಿಗಿಂತ ನಾಲಿಗೆ ಚುರುಕು. ಸಾಹೇಬರ ಕೆಮ್ಮು, ಮೇಡಂ ಅವರ ಮೌನ, ಲಿಫ್ಟಿನ ಬಾಗಿಲಿನ ಕಿರ್ರ್, ಎಲ್ಲವನ್ನೂ ಅನುಕರಿಸಿ ತೋರಿಸುತ್ತಿದ್ದ. ಮೌನವನ್ನು ಅನುಕರಿಸುವುದು ಹೇಗೆಂದು ಕೇಳಬೇಡಿ. ಅವನು ಮಾಡಿದರೆ ಮೈ ನಡುಗುತ್ತಿತ್ತು.

ಇನ್ನು ಘಟನೆ. ಸಾಹೇಬರ ಬಚ್ಚಲುಮನೆಯ ಬಾಗಿಲು ಓಡಾಟದ ಜಾಗಕ್ಕೆ ತೆರೆದುಕೊಂಡು ಬಂದುಹೋಗುವವರ ಮೂಗಿಗೆ ಬಡಿಯುತ್ತಿದ್ದುದರಿಂದ, ಬಡಗಿಯನ್ನು ಕರೆಸಿ ಅದು ಒಳಕ್ಕೆ ತೆರೆದುಕೊಳ್ಳುವ ಹಾಗೆ ತಿರುಗಿಸಿ ಕೂರಿಸಿದ್ದರು. ಈ ಸಂಗತಿಯನ್ನು ಹೆಂಡತಿ ಗಂಡನಿಗೆ ಹೇಳಿದ್ದರು. ಆದರೆ ಹಿನ್ನೆಲೆ, ಕಾರಣ ಏನೂ ಇಲ್ಲದೆ ಹೇಳಿದ್ದರಿಂದ ಅದು ಅವರ ಕಿವಿಯಲ್ಲಿ ಸ್ವೀಕೃತವಾಗಲಿಲ್ಲ. ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಹೋದ ಸಾಹೇಬರು ತಲೆಗೆ ಸೋಪು ಹಚ್ಚಿದಾಗ ನಲ್ಲಿ ನಿಂತಿತು. ನೀರು ಕೇಳಲೆಂದು ಟವೆಲ್ ಸುತ್ತಿ, ಚಿಲಕ ತೆಗೆದು, ಅಭ್ಯಾಸದಂತೆ ಬಾಗಿಲು ತಳ್ಳಿದರು. ಬಾಗಿಲು ಬರಲಿಲ್ಲ. ಭುಜ ಕೊಟ್ಟು ತಳ್ಳಿದರು. ಬೆನ್ನು ಕೊಟ್ಟು ತಳ್ಳಿದರು. ಕಣ್ಣಲ್ಲಿ ಸೋಪು, ಎದೆಯಲ್ಲಿ ದಿಗಿಲು. ಬಕೆಟ್ಟು ಬೋರಲು ಹಾಕಿ ಹತ್ತಿ, ಮೇಲಿನ ಕಿಟಕಿಯಿಂದ ಹೊರಬೀಳಲು ಹೊರಟರು. ತಲೆ ಬಂತು, ಭುಜ ಬಂತು. ಹೊಟ್ಟೆ ಮಾತ್ರ ಬರಲು ಒಪ್ಪಲಿಲ್ಲ.

ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ತಲೆಯೆತ್ತಿದರೆ ಪಕ್ಕದ ಗೋಡೆಯಲ್ಲಿ ಸಾಹೇಬರು ಅರ್ಧ ಮೂಡಿದ್ದಾರೆ!

“ಏನ್ ಸಾರ್, ಇಲ್ಲಿ?”

“ಸುಮ್ನೆ,” ಎಂದರು ಸಾಹೇಬರು, ನೊರೆಯ ನಡುವಿನಿಂದ. “ಗಾಳಿಗೆ.”

ಅಷ್ಟರಲ್ಲಿ ಒಳಗಿನಿಂದ ಅತ್ತೆಯವರ ಧ್ವನಿ. ಆ ಧ್ವನಿಗೆ ನಮ್ಮನೆ ಪಾತ್ರೆಗಳೂ ಎದ್ದು ನಿಲ್ಲುತ್ತವೆ. “ಅಳಿಯಂದ್ರೇ! ಏನ್ ಸದ್ದು ಅದು?”

“ಬಾಗಿಲು ಸಿಕ್ಕಾಕ್ಕೊಂಡಿದೆ ಅತ್ತೆ! ಬಡಗೀನ ಕರೆಸಿ! ಬಾಗಿಲು ಒಡೀರಿ!”

ಅತ್ತೆಯವರು ಒಂದು ಬೆರಳಿನಿಂದ ಬಾಗಿಲು ಮುಟ್ಟಿದರು. ಅದು ಹೂವಿನ ಹಾಗೆ ಒಳಕ್ಕೆ ತೆರೆದುಕೊಂಡಿತು.

“ಸಿಕ್ಕಾಕ್ಕೊಂಡಿರೋದು ಬಾಗಿಲಲ್ಲ,” ಎಂದರು ಅತ್ತೆಯವರು. ಎರಡೂ ಕಾಲು ಹಿಡಿದು ಒಂದೇ ಎಳೆತ. ಸಾಹೇಬರು ಬಾಟಲಿಯ ಬಿರಡೆಯಂತೆ ಒಳಕ್ಕೆ ಹೋದರು. ಗೋಡೆಯಾಚೆ ಭಾಮೈದನ ನಗು ಬಹಳ ಹೊತ್ತು ಕೇಳುತ್ತಿತ್ತು.

ಸಂಜೆ ಸಾಹೇಬರು ನಮ್ಮನೆಗೆ ಬಂದರು. “ನೋಡ್ರೀ, ನೀವು ಬೆಳಿಗ್ಗೆ ಏನೂ ನೋಡಿಲ್ಲ.”

“ಏನೂ ನೋಡಿಲ್ಲ ಸಾರ್. ಟವೆಲ್ಲಂತೂ ನೋಡಲೇ ಇಲ್ಲ.”

ಮರುದಿನ ಇಲಾಖೆಗಳಿಗೆ ಒಂದು ಮಾದರಿ ವರದಿ ಹೋಗಬೇಕಿತ್ತು. ತಲೆಬರಹಗಳ ಕೆಳಗೆ ಸಾಲುಗಳು ಹೇಗೆ ಕೂತಿರಬೇಕು ಎಂದು ತೋರಿಸಲು ಅಲ್ಲಿ ಏನಾದರೂ ಬರೆದಿರಬೇಕಲ್ಲ? ಭಾಮೈದ ಕೇಳಿದ: “ಭಾವ, ಒಳಗಡೆ ಏನು ತುಂಬ್ಲಿ?”

“ಏನಾದ್ರೂ ತುಂಬು. ಅದು ಓದೋಕಲ್ಲ, ನೋಡೋಕೆ.”

ಭಾಮೈದ ತುಂಬಿದ. ಸಹಿಗೆ ಮುಂಚೆ ಭಾವ ಓದುತ್ತಾರೆ, ಕಿರುಚುತ್ತಾರೆ, ತಾನು ಮೇಜಿನಡಿ ಬಗ್ಗಿ ನಗಬಹುದು ಎಂಬುದಷ್ಟೇ ಅವನ ಲೆಕ್ಕಾಚಾರ. ತುಂಬಿದ್ದು ಇದು:

ಹಿನ್ನೆಲೆ: ಮುಖ್ಯಸ್ಥರು ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ತೆರಳಿದ್ದರು.
ಘಟನೆ: ಹೊರಬರಲಾಗದೆ ಕಿಟಕಿಯ ಮೂಲಕ ನಿರ್ಗಮಿಸಲು ಯತ್ನಿಸಿ, ನಡುವೆ ಸಿಲುಕಿದರು.
ಕಾರಣ: ಎಳೆಯಬೇಕಾದ ಬಾಗಿಲನ್ನು ತಳ್ಳಿದ್ದು.
ಕೈಗೊಂಡ ಕ್ರಮ: ಮುಖ್ಯಸ್ಥರ ಅತ್ತೆಯವರು ಕಾಲು ಹಿಡಿದು ಒಳಕ್ಕೆ ಎಳೆದರು.
ಶಿಫಾರಸು: ಅತ್ತೆಯವರ ಸೇವೆಯನ್ನು ಮುಂದುವರಿಸಬಹುದು.

ಕೊನೆಯ ಕೋಷ್ಟಕದಲ್ಲಿ ಮೂರು ಕಾಲಂ: ಸಿಲುಕಿದವರು, ಸಿಲುಕಿದ ಅಂಗ, ಎಳೆದ ಅತ್ತೆ.

ಸಾಹೇಬರು ಸ್ಕೇಲು ತೆಗೆದರು. ಎಡ ಅಳೆದರು, ಬಲ ಅಳೆದರು. ಸಾಲು ಎಣಿಸಿದರು. ಕಣ್ಣು ತುಂಬಿ ಬಂತು.

“ಮುತ್ತಿನ ಹಾರದ ಹಾಗಿದೆ ಕಣೋ!” ಎಂದು ಸಹಿ ಹಾಕಿದರು. ಭಾಮೈದ ಬಾಯಿ ತೆರೆಯುವಷ್ಟರಲ್ಲಿ ಅದು ಎಲ್ಲ ಇಲಾಖೆಗಳಿಗೂ ಹೊರಟುಹೋಗಿತ್ತು. ಜೊತೆಗೊಂದು ಸುತ್ತೋಲೆ: ಮಾದರಿಗಿಂತ ಒಂದು ಸಾಲೂ ಹೆಚ್ಚುಕಮ್ಮಿ ಆಗತಕ್ಕದ್ದಲ್ಲ, ತಪ್ಪಿದಲ್ಲಿ ವರದಿ ವಾಪಸು.

ಇಲಾಖೆಯವರೆಲ್ಲ ಮಾದರಿ ಓದಿ ಬೆರಗಾದರು. ದೊಡ್ಡವರು ಕಳಿಸಿದ್ದೆಂದ ಮೇಲೆ ಏನೋ ಅರ್ಥವಿರಬೇಕೆಂದು ತಲೆ ಆಡಿಸಿದರು. ಮೊದಮೊದಲು ತಮ್ಮ ತಮ್ಮ ನಿಜವಾದ ವರದಿಗಳನ್ನೇ ಕಳಿಸಿದರು. ಹವಾಮಾನದವರು ಬಿರುಗಾಳಿಯ ಬಗ್ಗೆ ಬರೆದರು. ‘ಘಟನೆ’ಯಲ್ಲಿ ಒಂದು ಸಾಲು ಜಾಸ್ತಿ, ವಾಪಸು. ಬಿರುಗಾಳಿಯನ್ನು ಅರ್ಧಕ್ಕೆ ಇಳಿಸಿ ಕಳಿಸಿದರು. ‘ಕಾರಣ’ದಲ್ಲಿ ಒಂದು ಪದ ಕಮ್ಮಿ, ವಾಪಸು. ಅಗ್ನಿಶಾಮಕದವರ ಬೆಂಕಿ ಕೋಷ್ಟಕದಿಂದ ಹೊರಗೆ ಚಾಚಿತ್ತೆಂದು ವಾಪಸು. ಒಂದು ತಿಂಗಳು ಹೀಗೇ ಕಾಗದಗಳು ಹೋಗಿ ಬಂದು, ಕೊನೆಗೆ ಎಲ್ಲರಿಗೂ ಒಂದೇ ಜ್ಞಾನೋದಯವಾಯಿತು: ಮಾದರಿಯನ್ನೇ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದರೆ ಯಾವ ಸಾಲೂ ಹೆಚ್ಚಾಗುವುದಿಲ್ಲ, ಯಾವ ಪದವೂ ಕಮ್ಮಿಯಾಗುವುದಿಲ್ಲ.

ಆಮೇಲೆ ಬಂದವು ನೋಡಿ ವರದಿಗಳು! ಒಂದೊಂದೂ ಅಚ್ಚುಕಟ್ಟು, ಅಳತೆ ಕೆಡದ ಹಾಗೆ ಅಲ್ಲಲ್ಲಿ ಒಂದೆರಡು ಪದ ಮಾತ್ರ ಅವರವರದು. ಸಾಹೇಬರು ಅಳೆದದ್ದೇ ಅಳೆದದ್ದು, ಹಿಗ್ಗಿದ್ದೇ ಹಿಗ್ಗಿದ್ದು. ನಾನೂ ಭಾಮೈದನೂ ಅವರ ಬೆನ್ನ ಹಿಂದೆ ನಿಂತು ಓದಿದೆವು. ಓದಿ ಒಬ್ಬರನ್ನೊಬ್ಬರು ಹಿಡಿದುಕೊಂಡೆವು. ಹವಾಮಾನ ಇಲಾಖೆಯ ಮುಖ್ಯಸ್ಥರು ಬಚ್ಚಲಲ್ಲಿ ಸಿಲುಕಿದ್ದರು, ಬಹುಶಃ. ಮೃಗಾಲಯದ ಮುಖ್ಯಸ್ಥರನ್ನು ಅತ್ತೆಯವರು ಎಳೆಯುವಾಗ ಕರಡಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಅಂಕಿಅಂಶದವರು ತಲಾ ಒಂದು ಅತ್ತೆ, ತಲಾ ಎರಡು ಕಾಲು ಎಂದು ಸರಾಸರಿ ತೆಗೆದಿದ್ದರು. ಅಗ್ನಿಶಾಮಕದವರ ಶಿಫಾರಸಿನಲ್ಲಿ ಮಾತ್ರ ನೋವಿತ್ತು: ಮುಂದಿನ ಸಲ ಅತ್ತೆಯವರಿಗಿಂತ ಮೊದಲು ನಮಗೆ ತಿಳಿಸುವುದು.

ಭಾಮೈದನ ನಗು ಒಂದೇ ವಾರದಲ್ಲಿ ಬತ್ತಿತು. ಇದು ಮೇಡಂ ಕೈಗೆ ಹೋದರೆ ಭಾವನಿಗೆ ನೆಲಮಾಳಿಗೆ, ತನಗೆ ಗೇಟು. ಒಂದು ಮಧ್ಯಾಹ್ನ ಧೈರ್ಯ ಮಾಡಿದ.

“ಭಾವ, ಒಂದು ತಪ್ಪಾಗಿದೆ.”

“ಮಾರ್ಜಿನ್ನಲ್ಲಾ?”

“ಅಲ್ಲ.”

“ಸಾಲಿನಲ್ಲಾ?”

“ಅಲ್ಲ ಭಾವ, ಅದೂ...”

“ಹಾಗಾದ್ರೆ ತಪ್ಪಲ್ಲ. ಹೋಗು, ಟೀ ಕುಡಿ.”

ಅಷ್ಟರಲ್ಲಿ ಫೋನು ಬಂತು. ಅರಣ್ಯ ಇಲಾಖೆಯ ಗುಮಾಸ್ತರ ಗಂಟಲು ನನ್ನ ಮೇಜಿನವರೆಗೂ ಕೇಳುತ್ತಿತ್ತು.

“ಸಾರ್, ಒಂದು ಡೌಟು. ನಮ್ಮ ಮುಖ್ಯಸ್ಥರಿಗೆ ಇನ್ನೂ ಮದುವೆ ಆಗಿಲ್ಲ. ಅತ್ತೆ ಕಾಲಂ ಏನು ಮಾಡೋಣ?”

ಸಾಹೇಬರ ಗಮನವೆಲ್ಲ ಕೈಯಲ್ಲಿದ್ದ ಮೀನುಗಾರಿಕೆ ವರದಿಯ ಎಡ ಮಾರ್ಜಿನ್ನಿನ ಮೇಲಿತ್ತು. ಅವರಿಗೆ ಹೊಕ್ಕ ಪದ ‘ಕಾಲಂ’ ಒಂದೇ.

“ನೋಡ್ರೀ, ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು.”

“ಆದ್ರೆ ಸಾರ್, ಇಲ್ಲದ ಅತ್ತೇನ ಎಲ್ಲಿಂದ ತರೋಣ?”

“ಹುದ್ದೆ ಖಾಲಿ ಇದ್ರೆ ಏನ್ ಮಾಡ್ತೀರಿ? ಯಾರಿಗಾದ್ರೂ ಪ್ರಭಾರ ಕೊಡಲ್ವಾ? ಅಷ್ಟೂ ಗೊತ್ತಾಗಲ್ವೇನ್ರೀ!”

“ಆಯ್ತು ಸಾರ್,” ಎಂದಿತು ಆ ಕಡೆಯ ಗಂಟಲು, ಬಹಳ ಗೌರವದಿಂದ.

ಇಲಾಖೆಗಳು ವರದಿಯ ಒಂದೊಂದು ಪ್ರತಿಯನ್ನು ಪದ್ಧತಿಯಂತೆ ಕಟ್ಟಡ ವಿಭಾಗಕ್ಕೂ ಕಳಿಸಿದ್ದವು. ಅವರು ಓದುವ ಜನ. ಎಲ್ಲ ಇಲಾಖೆಗಳ ಮುಖ್ಯಸ್ಥರೂ ಬಚ್ಚಲಲ್ಲಿ ಸಿಲುಕುತ್ತಿದ್ದಾರೆಂದು ಓದಿ ಅವರ ಜಂಘಾಬಲವೇ ಉಡುಗಿತು. ಮುನ್ನೆಚ್ಚರಿಕೆಯೆಂದು ಸರ್ಕಾರಿ ಕಟ್ಟಡಗಳ ಬಚ್ಚಲು, ಶೌಚಾಲಯಗಳ ಚಿಲಕಗಳನ್ನೆಲ್ಲ ಕಿತ್ತುಬಿಟ್ಟರು. ಮರುದಿನದಿಂದ ಒಳಗಿದ್ದವರು ಹಾಡಬೇಕಾಯಿತು, ಇಲ್ಲವಾದರೆ ಯಾರಾದರೂ ಬಾಗಿಲು ತೆಗೆದುಬಿಡುತ್ತಿದ್ದರು. ನಮ್ಮ ಮಹಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಸಂಗೀತ. ಲೆಕ್ಕಪತ್ರದ ಹಿರಿಯರೊಬ್ಬರಿಗೆ ಹಾಡು ಬರುತ್ತಿರಲಿಲ್ಲ. ಅವರು ಹದಿನೇಳರ ಮಗ್ಗಿ ಹೇಳುತ್ತಿದ್ದರು. ಹೊರಗೆ ಕಾಯುತ್ತಿದ್ದವರು ಎಷ್ಟನೆಯ ಸಾಲಿನಲ್ಲಿದ್ದಾರೆಂದು ಕಿವಿಗೊಟ್ಟು ಕೇಳಿ, ಸಮಯವಿದ್ದರೆ ಕ್ಯಾಂಟೀನಿಗೆ ಹೋಗಿಬರುತ್ತಿದ್ದರು.

ಪತ್ರಿಕೆಯವರಿಗೂ ವಾಸನೆ ಬಡಿಯಿತು. ‘ಬಚ್ಚಲಲ್ಲಿ ಬಂದಿಯಾದ ಅಧಿಕಾರಿಗಳು: ಅತ್ತೆಯಂದಿರ ಸಾಹಸ’ ಎಂದು ಮುಖಪುಟದಲ್ಲೇ ಬಂತು. ಆ ಬೆಳಿಗ್ಗೆ ನಾನು ಸಕ್ಕರೆ ಸಾಲ ಕೇಳುವ ನೆಪದಲ್ಲಿ ಸಾಹೇಬರ ಮನೆಗೆ ಹೋದೆ.

ಅತ್ತೆಯವರು ಪತ್ರಿಕೆ ಹಿಡಿದು ಮರುಗುತ್ತಿದ್ದರು. “ಅಯ್ಯೋ ಪಾಪ! ನನ್ನ ಹಾಗೆ ಇನ್ನೆಷ್ಟು ಜನ ಅತ್ತೇರು ಎಳೆದೂ ಎಳೆದೂ ಸಾಯ್ತಿದಾರೋ!”

ಸಾಹೇಬರ ಮುಖವಂತೂ ಎಣ್ಣೆ ಹಾಕಿದ ದೀಪ. “ನೋಡಿದ್ರಾ ಅತ್ತೆ? ನೋಡಿದ್ಯೇನೇ? ನನಗೊಬ್ಬನಿಗೇ ಅಲ್ಲ! ದೊಡ್ಡ ದೊಡ್ಡೋರಿಗೆಲ್ಲ ಆಗ್ತಾ ಇದೆ! ನಾನು ಆವತ್ತೇ ಹೇಳ್ಲಿಲ್ವಾ, ದೋಷ ಬಾಗಿಲಿಂದೇ ಅಂತ!”

ಭಾಮೈದನ ಗಂಟಲಲ್ಲಿ ಟೀ ಅಡ್ಡಡ್ಡ ಹೋಯಿತು. ಅಕ್ಕ ಬೆನ್ನಿಗೆ ಗುದ್ದಿದರು. “ಏನೋ ಆಯ್ತು ನಿಂಗೆ?”

“ಹಿನ್ನೆಲೆ... ದೊಡ್ಡದಿದೆ ಅಕ್ಕಾ,” ಎಂದ ಅವನು, ಕಣ್ಣೀರು ಒರೆಸಿಕೊಂಡು.

ಸಭೆಯ ದಿನ ಬಂತು. ಉದ್ದನೆಯ ಮೇಜಿನ ಸುತ್ತ ಎಲ್ಲ ಇಲಾಖೆಗಳ ಮುಖ್ಯಸ್ಥರು, ಹಿಂದೆ ಅವರವರ ಸಹಾಯಕರು. ನಡಾವಳಿ ಬರೆದುಕೊಳ್ಳಲು ನಾನು, ಕಂಪ್ಯೂಟರ್ ಮುಂದೆ ಬೆವರುತ್ತ ಭಾಮೈದ. ಸಾಹೇಬರು ಹೊಸ ಅಂಗಿ ತೊಟ್ಟು, ವರದಿಗಳ ಕಟ್ಟನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬಂದರು. ಮೇಜಿನ ಮೇಲಿಟ್ಟರು. ಒಂದು ಹಾಳೆಯ ಅಂಚೂ ಇನ್ನೊಂದರಿಂದ ಕೂದಲೆಳೆಯಷ್ಟೂ ಆಚೆ ಬಂದಿರಲಿಲ್ಲ.

“ಎಲ್ಲಾ ಒಂದೇ ಥರ ಇದೆಯಾ?” ಎಂದರು ದೊಡ್ಡ ಮೇಡಂ.

“ಒಂದೇ ಥರ ಮೇಡಂ. ಕಣ್ಮುಚ್ಚಿ ಯಾವುದು ತೆಗೆದ್ರೂ ವ್ಯತ್ಯಾಸ ಗೊತ್ತಾಗಲ್ಲ.”

“ಗೊತ್ತಾಗ್ಲಿಲ್ಲ,” ಎಂದರು ಮೇಡಂ. “ಕಟ್ಟಡ ವಿಭಾಗದಿಂದ ಪ್ರತಿ ತರಿಸಿ ನಾನು ಕಣ್ಣು ಬಿಟ್ಕೊಂಡೇ ಓದಿದೆ. ಎರಡು ಮೂರು ಓದಿ ಹೇಳಿ, ಎಲ್ಲರೂ ಕೇಳ್ಲಿ.”

ಸಾಹೇಬರು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ವರದಿಯನ್ನು ಓದಲು ಗಂಟಲು ಸರಿಮಾಡಿಕೊಂಡರು. “ಮೀನುಗಾರಿಕೆ ಇಲಾಖೆ. ಹಿನ್ನೆಲೆ: ಮುಖ್ಯಸ್ಥರು ಭಾನುವಾರ ಬೆಳಿಗ್ಗೆ ಸ್ನಾನಕ್ಕೆ...” ಧ್ವನಿ ಸ್ವಲ್ಪ ನಿಧಾನವಾಯಿತು. “ಕಿಟಕಿಯ ಮೂಲಕ...” ಇನ್ನೂ ನಿಧಾನವಾಯಿತು. “ಎಳೆಯಬೇಕಾದ ಬಾಗಿಲನ್ನು...” ಅಲ್ಲಿಗೆ ಧ್ವನಿ ನಿಂತೇಹೋಯಿತು. ಸರಸರನೆ ಮುಂದಿನ ವರದಿ ತೆಗೆದರು. ಅದರಲ್ಲೂ ಅದೇ ಸ್ನಾನ, ಅದೇ ಕಿಟಕಿ. ಅದರ ಕೆಳಗಿನದರಲ್ಲೂ ಅದೇ. ಅವರ ಮುಖ ಕೆಂಪಾಯಿತು, ಬಿಳಿಯಾಯಿತು, ಆಮೇಲೆ ಯಾವ ಬಣ್ಣವೆಂದು ಹೇಳಲು ನನ್ನ ಬಳಿ ಪದವಿಲ್ಲ. ತಲೆ ಮೆಲ್ಲಗೆ ಭಾಮೈದನ ಕಡೆಗೆ ತಿರುಗಿತು.

“ಎಲ್ಲರೂ ಮಾದರಿ ನೋಡಿ ನಕಲು ಮಾಡಿದಾರೆ, ಅದು ಗೊತ್ತಾಯ್ತು,” ಎಂದರು ಮೇಡಂ. “ಮಾದರೀಲಿ ಇದನ್ನ ಬರೆದೋರು ಯಾರು?”

ಸಭೆಯಲ್ಲಿ ಸದ್ದಿಲ್ಲ. ಇದು ಭಾಮೈದ ಅನುಕರಿಸುತ್ತಿದ್ದನಲ್ಲ, ಆ ಮೌನದ ಅಸಲಿ ಪ್ರತಿ. ಅವನು ಕುರ್ಚಿಯಿಂದ ಎದ್ದ. “ಮೇಡಂ, ಅದೂ...”

“ಕೂತ್ಕೊಳೋ!” ಎಂದರು ಸಾಹೇಬರು. ಮೇಡಂ ಎದುರು ಯಾರೂ ಎತ್ತದಷ್ಟು ಎತ್ತರದ ಧ್ವನಿಯಲ್ಲಿ. ಆಮೇಲೆ ಮೇಡಂ ಕಡೆಗೆ ತಿರುಗಿ, “ಸಹಿ ನಂದು ಮೇಡಂ. ಬಚ್ಚಲೂ ನಂದೇ. ಕಿಟಕೀಲಿ ಸಿಕ್ಕಾಕ್ಕೊಂಡಿದ್ದೂ ನಾನೇ. ನೆಲಮಾಳಿಗೆ ಬೀಗದಕೈ ಕೊಟ್ಟುಬಿಡಿ, ಹೋಗ್ತೀನಿ” ಎಂದರು.

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅರಣ್ಯ ಇಲಾಖೆಯ ವರದಿಯನ್ನು ಕಟ್ಟಿನಿಂದ ಎಳೆದು, “ಅದು ಆಮೇಲೆ. ಇದೊಂದು ಅನುಮಾನ ಇದೆ. ಇಲ್ಲಿ ‘ಎಳೆದ ಅತ್ತೆ’ ಕಾಲಮ್ಮಲ್ಲಿ ‘ಪ್ರಭಾರ’ ಅಂತಿದೆ. ಯಾರ್ರೀ ಇದು ಪ್ರಭಾರ ಅತ್ತೆ?” ಎಂದು ಕೇಳಿದರು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಎದ್ದು ನಿಂತವರು ಅರಣ್ಯದ ಉಪಮುಖ್ಯಸ್ಥರು. ಬಾಗಿಲಿನಷ್ಟು ಎತ್ತರದ ಆಳು, ಕಿವಿಯವರೆಗೆ ತಿರುಗಿಸಿದ ಮೀಸೆ. ಎದೆಯುಬ್ಬಿಸಿ ಸಲ್ಯೂಟ್ ಹೊಡೆದರು.

“ನಾನೇ ಮೇಡಂ. ಹೆಚ್ಚುವರಿ ಹೊಣೆ. ನಮ್ಮ ಮುಖ್ಯಸ್ಥರು ಇನ್ನೂ ಸಿಕ್ಕಿಬಿದ್ದಿಲ್ಲ. ಬಿದ್ದ ತಕ್ಷಣ ಎಳೀತೀನಿ.”

ಮುಖ್ಯಸ್ಥರೊಬ್ಬರು ಮೂಗಿನಲ್ಲಿ ಸದ್ದು ಮಾಡಿದರು. ಇನ್ನೊಬ್ಬರು ಕೆಮ್ಮಿನೊಳಗೆ ಏನನ್ನೋ ಅಡಗಿಸಿದರು. ಮೇಡಂ ತುಟಿ ಬಿಗಿಹಿಡಿದು ಮೇಲಿನ ಫ್ಯಾನು ನೋಡತೊಡಗಿದರು. ಅಷ್ಟರಲ್ಲಿ ಮೇಜಿನ ತುದಿಯಿಂದ ಒಂದು ವಿಚಿತ್ರ ಶಬ್ದ ಬಂತು, ಮುಚ್ಚಳ ಬಿಗಿದ ಪಾತ್ರೆಯಲ್ಲಿ ನೀರು ಕುದಿಯುವ ಹಾಗೆ. ಸಾಹೇಬರು! ವರದಿಗಳ ಕಟ್ಟಿನ ಮೇಲೆ ಹಣೆಯಿಟ್ಟು ನಡುಗುತ್ತಿದ್ದರು. ಅಳುತ್ತಿದ್ದಾರೆಂದು ಭಾಮೈದ ಓಡಿಬಂದು, “ಭಾವ, ತಪ್ಪಾಯ್ತು, ತಪ್ಪಾಯ್ತು ಭಾವ!” ಎಂದು ಭುಜ ಹಿಡಿದ. ಸಾಹೇಬರು ತಲೆಯೆತ್ತಿದರು. ಕಣ್ಣಲ್ಲಿ ಧಾರೆಧಾರೆ ನೀರು, ಬಾಯಿ ಕಿವಿಯಿಂದ ಕಿವಿಗೆ.

“ಮೀ... ಮೀಸೆ ಅತ್ತೆ ಕಣೋ!” ಎಂದರು. ಅಲ್ಲಿಗೆ ಕಟ್ಟೆಯೊಡೆಯಿತು.

ಇಡೀ ಸಭೆ ಹೊರಳಿ ಹೊರಳಿ ನಕ್ಕಿತು. ಅಂಕಿಅಂಶದವರು ಲೆಕ್ಕ ತಪ್ಪಿ ನಕ್ಕರು, ಹವಾಮಾನದವರು ಖಚಿತವಾಗಿ ನಕ್ಕರು. ಮೀಸೆಯವರು ಮಾತ್ರ ಸಲ್ಯೂಟ್ ಇಳಿಸದೆ ನಿಂತಿದ್ದು, “ಪ್ರಭಾರ ಭತ್ಯೆ ಇನ್ನೂ ಮಂಜೂರಾಗಿಲ್ಲ ಮೇಡಂ” ಎಂದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಹುದ್ದೆ ಖಾಯಂ,” ಎಂದರು ಕೊನೆಗೆ, ಸಾಹೇಬರ ಕಡೆ ಬೆರಳು ತೋರಿಸಿ. “ಎಲ್ಲಾ ಇಲಾಖೇನೂ ಒಂದೇ ಅಚ್ಚಿಗೆ ತರ್ತೀನಿ ಅಂದ್ರಿ, ತಂದ್ರಿ. ಆದ್ರೆ ಇವತ್ತಿಂದ ಪ್ರತಿ ವರದೀನೂ ಮೊದಲನೇ ಅಕ್ಷರದಿಂದ ಕೊನೇ ಅಕ್ಷರದವರೆಗೆ ಓದಬೇಕು. ಓದಿದ ಮೇಲೇನೇ ಸ್ಕೇಲು. ಆ ಹುಡುಗ ಪಕ್ಕದಲ್ಲಿ ಕೂತು ಜೋರಾಗಿ ಓದಿ ಹೇಳ್ಲಿ, ಅದೇ ಅವನಿಗೆ ಶಿಕ್ಷೆ.”

ಮೇಡಂ ಕೈ ಮೇಲೆತ್ತಿದರು. ಒಬ್ಬೊಬ್ಬರ ನಗುವೂ ನಿಂತಿತು. ಕಾಗದ ಜೋಡಿಸಿಕೊಂಡರು, ಕುರ್ಚಿ ಸರಿಮಾಡಿಕೊಂಡರು, ಮುಂದಿನ ವಿಷಯಕ್ಕೆ ಬಂದರು. ಸಾಹೇಬರ ನಗು ಒಂದೇ ಇನ್ನೂ ನಿಂತಿರಲಿಲ್ಲ. ಮೇಜು ಹಿಡಿದು ನಕ್ಕರು, ಭಾಮೈದನನ್ನು ತಬ್ಬಿ ನಕ್ಕರು, ಹೊರಗೆ ಹೋಗಿ ನೀರು ಕುಡಿದು ಬರುತ್ತೇನೆಂದು ಎದ್ದುಹೋಗಿ ಕಾರಿಡಾರಿನಲ್ಲಿ ನಕ್ಕರು. ನಡಾವಳಿಯಲ್ಲಿ ಅದನ್ನು ಯಾವ ತಲೆಬರಹದ ಕೆಳಗೆ ಹಾಕುವುದೆಂದು ತಿಳಿಯದೆ ನಾನು ಪೆನ್ನು ಮುಚ್ಚಿಟ್ಟು ಕೇಳುತ್ತ ಕುಳಿತೆ.